ಬೆಳಿಗ್ಗೆ ಉಜ್ಜುತ್ತೇವಲ್ಲ, ರಾತ್ರಿ ಯಾಕೆ? ದೊಡ್ಡವರ ಹಲ್ಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯ ದಂತ ಶಿಬಿರದಲ್ಲಿ, ಫ್ಯಾಕ್ಟರಿ ಗೇಟಿನ ಬಳಿ ಹಾಕಿದ ಟೆಂಟಿನಲ್ಲಿ, ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಕೂತು ಬಾಯಿ ನೋಡುವುದು ನನ್ನ ಕೆಲಸ. ಜನ ಬಾಯಿ ತೆರೆಯುವ ಮುಂಚೆ ಒಂದು, ಮುಚ್ಚಿದ ಮೇಲೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅಂಥವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಮಕ್ಕಳ ಹಲ್ಲಿನದು ಬೇರೆಯೇ ಕತೆ, ಇದು ದೊಡ್ಡವರಿಗೆ.

ಬುದ್ಧಿ ಬಂದಾಗಿನಿಂದ ಹಲ್ಲುಜ್ಜದೆ ಕಾಫಿ ಕುಡಿದವನಲ್ಲ ನಾನು. ಆದರೂ ಹಲ್ಲು ಹಾಳಾಗಿದೆ. ಯಾಕೆ?

ನಿಮ್ಮ ಮಾತನ್ನು ನಂಬುತ್ತೇನೆ. ಹಲ್ಲುಜ್ಜದೆ ಕಾಫಿ ಲೋಟ ಹಿಡಿದವರನ್ನು ನಮ್ಮಲ್ಲಿ ಮನೆಯವರೇ ಒಂಥರಾ ನೋಡುತ್ತಾರೆ. ವಠಾರದಲ್ಲಿ ಬೆಳೆದವರಿಗೆ ಗೊತ್ತು, ಬೆಳಗಿನ ಐದೂವರೆಗೆ ಯಾರೋ ಒಬ್ಬರು ನಾಲಿಗೆ ಕೆರೆದುಕೊಳ್ಳುತ್ತ 'ಆ... ವ್ಯಾಕ್' ಅನ್ನುವ ಸದ್ದಿಗೇ ಉಳಿದವರಿಗೆಲ್ಲ ಎಚ್ಚರವಾಗುತ್ತಿತ್ತು.

ಆದರೆ ನಮಗೆ ಬೆಳಗಿನ ಹಲ್ಲುಜ್ಜುವಿಕೆ ಮಡಿಯ ಬಾಬತ್ತು. ಎದ್ದು ಮುಖ ತೊಳೆದು ಬಾಯಿ ಶುದ್ಧ ಮಾಡಿಕೊಂಡ ಮೇಲೆಯೇ ದೇವರ ಮುಂದೆಯೋ ಮನುಷ್ಯರ ಮುಂದೆಯೋ ನಿಲ್ಲಬೇಕು. ಅಮಾವಾಸ್ಯೆ, ಶ್ರಾದ್ಧದಂಥ ದಿನ ಕಡ್ಡಿಯಿಂದ ಹಲ್ಲುಜ್ಜಬಾರದು, ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಸಾಕು ಎಂಬ ಹಳೆಯ ಕಟ್ಟಳೆಯೇ ಇದೆ. ಲೆಕ್ಕವೆಲ್ಲ ಶುದ್ಧಿಯದು, ಅದರಲ್ಲಿ ಹಲ್ಲಿನ ಪಾಲು ಕಡಿಮೆ. ರಾತ್ರಿ ಊಟವಾದ ಮೇಲೆ ಯಾರೆದುರೂ ನಿಲ್ಲಬೇಕಿಲ್ಲವಾದ್ದರಿಂದ ಒಂದು ಗುಕ್ಕು ನೀರು ಮುಕ್ಕಳಿಸಿ ಮಲಗುತ್ತೇವೆ.

ಹಲ್ಲಿನ ದಿನಚರಿ ಇದಕ್ಕೆ ಉಲ್ಟಾ. ಅನ್ನ, ಸಿಹಿ ಏನು ತಿಂದರೂ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಆಮ್ಲ ಉಗುಳುತ್ತವೆ. ಹಗಲಾದರೆ ಜೊಲ್ಲು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದನ್ನು ತಣ್ಣಗಾಗಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದು ತೀರಾ ಕಡಿಮೆ. ಹತ್ತು ಗಂಟೆಗೆ ಉಂಡ ಅನ್ನ-ಸಾರಿನ ಶೇಷ ಬೆಳಗಿನ ತನಕ ಹಲ್ಲಿನ ಸಂದಿಯಲ್ಲಿ ಕೂತು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ನೀವು ಬೆಳಿಗ್ಗೆ ಉಜ್ಜುವುದು ಕಳ್ಳ ಹೋದ ಮೇಲೆ ಬಾಗಿಲಿಗೆ ಬೀಗ ಹಾಕಿದ ಹಾಗೆ. ದಿನಕ್ಕೆ ಎರಡು ಸಲ ಉಜ್ಜಬೇಕು ಅನ್ನುವುದು ಸರಿಯೇ, ಆದರೆ ಒಂದೇ ಸಲ ಆಗುವುದು ಅಂತಿದ್ದರೆ ನಾನು ರಾತ್ರಿಯದನ್ನೇ ಉಳಿಸಿಕೊಳ್ಳಿ ಅನ್ನುತ್ತೇನೆ. ಅತ್ತೆಯವರು ಒಪ್ಪುವುದಿಲ್ಲ ಅಂತಲೂ ಗೊತ್ತು.

ಇನ್ನೊಂದು ಮಾತು ಆ ಕಾಫಿಯದು. ಬೈ-ಟೂ ಆದರೂ ದಿನಕ್ಕೆ ಆರು ಸಲ ಸಕ್ಕರೆ ಹಾಕಿದ್ದು ಕುಡಿದರೆ ಆಮ್ಲದ ದಾಳಿ ಆರು. ಎಷ್ಟು ಸಕ್ಕರೆ ಎಂಬುದಕ್ಕಿಂತ ಎಷ್ಟು ಸಲ ಎಂಬುದು ಹಲ್ಲಿಗೆ ಮುಖ್ಯ. ಬೆಲ್ಲಕ್ಕೂ ರಿಯಾಯಿತಿ ಇಲ್ಲ.

ರಾತ್ರಿ ಎರಡು ನಿಮಿಷ ಉಜ್ಜುವುದಕ್ಕೆ ಜನರಿಗೆ ಅಂಥ ಕಷ್ಟವೇನು? ಸೋಮಾರಿತನ ತಾನೆ?

ಹಾಗಂತ ನಾನೂ ಅಂದುಕೊಂಡಿದ್ದೆ. ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಬಳಿ ಒಂದು ಸಂಜೆ ಶಿಬಿರ ಇಟ್ಟಾಗ ಆ ಅನಿಸಿಕೆ ಹೋಯಿತು. ರಾಯಚೂರು ಕಡೆಯಿಂದ ಬಂದ ಹೆಂಗಸೊಬ್ಬಳಿಗೆ ಬ್ರಷ್ಷು ಹಿಡಿದು ಪಾಠ ಹೇಳುತ್ತಿದ್ದೆ. ಆಕೆ ಎಲ್ಲ ಕೇಳಿಸಿಕೊಂಡು, "ಅಕ್ಕಾ, ನೀರು ಅಲ್ಲೈತ್ರಿ" ಅಂತ ಕೈ ತೋರಿಸಿದಳು. ಇಪ್ಪತ್ತು ಶೆಡ್ಡಿಗೆ ಒಂದು ಡ್ರಮ್ಮು, ಅದೂ ಕತ್ತಲಲ್ಲಿ, ಕಬ್ಬಿಣದ ಸರಳುಗಳನ್ನು ದಾಟಿಕೊಂಡು ಹೋಗಬೇಕು. ರಾತ್ರಿ ಒಬ್ಬಳೇ ಅಲ್ಲಿ ನಿಂತು ಬಾಯಲ್ಲಿ ನೊರೆ ತುಂಬಿಕೊಂಡು ಹಲ್ಲುಜ್ಜುವ ಧೈರ್ಯ ನನಗೂ ಬರುತ್ತಿರಲಿಲ್ಲ.

ಎಷ್ಟೋ ಮನೆಗಳಲ್ಲಿ ಬಚ್ಚಲು ಹಿತ್ತಲಲ್ಲಿದೆ. ಎಷ್ಟೋ ಊರುಗಳಲ್ಲಿ ನಲ್ಲಿಯಲ್ಲಿ ನೀರು ಬರುವುದೇ ವಾರಕ್ಕೊಮ್ಮೆ, ತುಂಬಿಟ್ಟ ಕೊಡ ಅಡುಗೆಗೆ ಮೀಸಲು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವಳು ಹೆಂಗಸು, ಆಮೇಲೆ ಪಾತ್ರೆ, ಆಮೇಲೆ ಹಾಲಿಗೆ ಹೆಪ್ಪು, ನಾಳೆಯ ದೋಸೆ ಹಿಟ್ಟು. ಅಷ್ಟಾಗುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿರುತ್ತದೆ. ಇವರಿಗೆಲ್ಲ ಹಲ್ಲಿನ ಮಹತ್ವ ಹೇಳಿ ಭಾಷಣ ಬಿಗಿಯುವುದರಿಂದ ಏನೂ ಆಗದು.

ಹಾಗಾಗಿ ನಾನು ಈಗ ಹೇಳುವುದು ಸಣ್ಣ ಉಪಾಯಗಳನ್ನು. ಬ್ರಷ್ಷು ಬಚ್ಚಲಲ್ಲೇ ಇರಬೇಕು ಅಂತ ಕಾನೂನಿಲ್ಲ. ಊಟವಾದ ಕೂಡಲೇ, ಪಾತ್ರೆ ತೊಳೆಯುವ ಜಾಗದಲ್ಲೇ ಉಜ್ಜಿ. ಒಂದು ಲೋಟ ನೀರು ಸಾಕು, ಯಾಕೆಂದರೆ ಪೇಸ್ಟ್ ಹಾಕಿ ಉಜ್ಜಿದ ಮೇಲೆ ನೊರೆ ಉಗುಳಬೇಕೇ ಹೊರತು ಚೊಂಬುಗಟ್ಟಲೆ ನೀರಲ್ಲಿ ಬಾಯಿ ತೊಳೆಯಬಾರದು. ತೊಳೆದರೆ ಪೇಸ್ಟಿನಿಂದ ಹಲ್ಲಿಗೆ ಹತ್ತಿದ, ಹುಳುಕು ತಡೆಯುವ ಫ್ಲೋರೈಡೂ ಹೋಗುತ್ತದೆ. ನೀರಿನ ಬರ ಇರುವ ಊರಿನವರಿಗೆ ನಾನು ಕೊಡಬಹುದಾದ ಒಂದೇ ಸಿಹಿ ಸುದ್ದಿ ಇದು.

ನಮ್ಮಜ್ಜಿ ಇದ್ದಿಲು, ಉಪ್ಪು ಹಾಕಿ ಉಜ್ಜಿ ಎಂಬತ್ತು ವರ್ಷ ಬಾಳಿದರು, ಒಂದು ಹಲ್ಲೂ ಬಿದ್ದಿರಲಿಲ್ಲ. ಈ ಪೇಸ್ಟ್ ಎಲ್ಲ ಬೇಕೇ?

ಈ ಅಜ್ಜಿಯನ್ನು ಪ್ರತಿ ಶಿಬಿರದಲ್ಲೂ ಯಾರಾದರೊಬ್ಬರು ಕರೆತರುತ್ತಾರೆ. ಅವರು ರಾಗಿ ಮುದ್ದೆ ಉಂಡರು, ದಿನಕ್ಕೆ ಮೂರು ಹೊತ್ತು ಬಿಟ್ಟರೆ ನಡುವೆ ಬಾಯಾಡಿಸಲಿಲ್ಲ, ಬಿಸ್ಕತ್ತಿನ ಪೊಟ್ಟಣ ಅವರ ಕಾಲದಲ್ಲಿ ಹಬ್ಬದ ವಸ್ತು. ಹಲ್ಲು ಉಳಿದದ್ದಕ್ಕೆ ಇದ್ದಿಲಿಗಿಂತ ಅದೇ ದೊಡ್ಡ ಕಾರಣ. ಜೊತೆಗೆ, ನಲವತ್ತಕ್ಕೇ ಹಲ್ಲು ಕಳೆದುಕೊಂಡ ಅಜ್ಜಿಯರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಬೇವಿನಕಡ್ಡಿ, ಮುಸ್ಲಿಮರ ಮನೆಗಳಲ್ಲಿ ಬಳಸುವ ಮಿಸ್ವಾಕ್ ಇವನ್ನು ನಾನು ಬೇಡ ಅನ್ನುವುದಿಲ್ಲ. ತುದಿ ಚೆನ್ನಾಗಿ ಅಗಿದು ಕುಂಚದಂತೆ ಮೆತ್ತಗೆ ಮಾಡಿಕೊಂಡು ನಿಧಾನಕ್ಕೆ ಉಜ್ಜಿದರೆ ಕೊಳೆ ಹೋಗುತ್ತದೆ. ತೊಂದರೆ ಏನೆಂದರೆ ಕಡ್ಡಿ ಒಳಬದಿಗೆ, ದವಡೆ ಹಲ್ಲಿನ ಹಿಂದಕ್ಕೆ ಸರಿಯಾಗಿ ತಲುಪದು. ಕಡ್ಡಿ ಬಳಸುವವರ ಬಾಯಲ್ಲಿ ಮುಂದಿನ ಹಲ್ಲು ಫಳಫಳ, ಕೆಳಗಿನ ಮುಂಬಲ್ಲಿನ ಹಿಂದೆ ಗಾರೆ ಮೆತ್ತಿದ ಹಾಗೆ ಕಿಟ್ಟ, ಅಂದರೆ ಗಟ್ಟಿಯಾದ ಕೊಳೆ. ಕರಾವಳಿಯ ಹಿರಿಯರು ಮಾವಿನ ಎಲೆಯಿಂದ ಉಜ್ಜುತ್ತಿದ್ದರು, ಅದರದೂ ಇದೇ ಕತೆ.

ಇದ್ದಿಲು, ಇಟ್ಟಿಗೆ ಪುಡಿ, ಬೂದಿ, ಮರಳು ಮಾತ್ರ ಬೇಡವೇ ಬೇಡ. ಅವು ಹಲ್ಲಿನ ಹೊರಪದರವನ್ನೇ ತೇಯುತ್ತವೆ. ಒಮ್ಮೆ ಸವೆದ ಪದರ ಮತ್ತೆ ಬೆಳೆಯದು. ಕೆಮ್ಮಣ್ಣು ಬೆರೆಸಿದ ಕೆಂಪು ಹಲ್ಲುಪುಡಿಗಳನ್ನು ವರ್ಷಗಟ್ಟಲೆ ಬೆರಳಲ್ಲಿ ತಿಕ್ಕಿದವರ ಹಲ್ಲಿನ ಬುಡದಲ್ಲಿ ಕೊಡಲಿ ಏಟಿನಂಥ ಕಚ್ಚು ಕಾಣುತ್ತದೆ. ತಣ್ಣೀರು ಕುಡಿದರೆ ಜುಮ್ ಅನ್ನುವುದು ಅದಕ್ಕೇ. ನಂಜನಗೂಡು ಹಲ್ಲುಪುಡಿಯ ಪರಿಮಳ ನನಗೂ ಇಷ್ಟ, ಬಾಲ್ಯದ ನೆನಪು. ಆದರೆ ಪುಡಿ ಯಾವುದೇ ಇರಲಿ, ಫ್ಲೋರೈಡ್ ಇಲ್ಲದಿದ್ದರೆ ಅದು ಹುಳುಕು ತಡೆಯುವುದಿಲ್ಲ.

ಹಾಗಾದರೆ ಯಾವ ಪೇಸ್ಟ್?

ಅಂಗಡಿಯಲ್ಲಿ ಸಿಗುವ ಅಗ್ಗದ್ದೇ ಸಾಕು, ಫ್ಲೋರೈಡ್ ಇರಬೇಕಷ್ಟೆ. ನಮ್ಮ ದೇಶದ ಕಾನೂನಿನಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಮೀರಬಾರದು, ಎಷ್ಟಿದೆ ಎಂದು ಟ್ಯೂಬಿನ ಮೇಲೆ ಬರೆದಿರಬೇಕು. ಓದಿ ನೋಡಿ. ಟ್ಯೂಬಿನ ಬುಡದಲ್ಲಿರುವ ಹಸಿರು, ಕಪ್ಪು, ಕೆಂಪು ಚೌಕವನ್ನು ನೋಡಿ 'ಇದು ನೈಸರ್ಗಿಕ, ಇದು ರಾಸಾಯನಿಕ' ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದು ಶುದ್ಧ ಸುಳ್ಳು. ಟ್ಯೂಬನ್ನು ಎಲ್ಲಿ ಕತ್ತರಿಸಿ ಮಡಿಸಬೇಕು ಎಂದು ಯಂತ್ರಕ್ಕೆ ತೋರಿಸುವ ಗುರುತು ಅದು. ಬ್ರಷ್ಷು ಮೆತ್ತನೆಯದಿರಲಿ. ಮೂರು ತಿಂಗಳಿಗೊಮ್ಮೆ, ಅದಕ್ಕೆ ಮುಂಚೆಯೇ ಎಳೆಗಳು ಕೆದರಿದರೆ ಆಗಲೇ, ಬದಲಿಸಿ. ಒಂದೇ ಬ್ರಷ್ಷನ್ನು ಇಬ್ಬರು ಬಳಸಬೇಡಿ, ಗಂಡ-ಹೆಂಡತಿಯಾದರೂ.

ಹಲ್ಲುನೋವಿಗೆ ಹೊಗೆಸೊಪ್ಪು ಒತ್ತಿಟ್ಟರೆ ಕಡಿಮೆಯಾಗುತ್ತೆ. ಅದರಲ್ಲಿ ತಪ್ಪೇನು?

ಕಡಿಮೆಯಾದಂತೆ ಅನಿಸುವುದು ಹೌದು. ನೋವಿಗೆ ಅಂತ ಇಟ್ಟದ್ದು ಆರು ತಿಂಗಳಲ್ಲಿ ಚಟವಾಗುವುದನ್ನು ಎಷ್ಟು ಸಲ ನೋಡಿಲ್ಲ! ಬೆಳಗಾವಿ, ವಿಜಯಪುರದ ಕಡೆ ತಂಬಾಕು ಹುರಿದು ಪುಡಿ ಮಾಡಿದ ಮಿಶ್ರಿಯಲ್ಲಿ ಹಲ್ಲುಜ್ಜುವ ಹೆಂಗಸರಿದ್ದಾರೆ. ಹಳೇ ಮೈಸೂರಿನಲ್ಲಿ ನಶ್ಯವನ್ನು ಒಸಡಿಗೆ ತಿಕ್ಕುವವರಿದ್ದಾರೆ. ಕೇಳಿದರೆ, "ನಾನು ತಂಬಾಕು ತಿನ್ನಲ್ಲ, ಹಲ್ಲುಜ್ಜೋಕೆ ಅಷ್ಟೆ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ಅದು ತಂಬಾಕೇ ಅಲ್ಲ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಮನೆಯ ಹಂಚಿನ ಮೇಲೆ ಹುರಿಯುವುದನ್ನು ಯಾವ ಕಾನೂನೂ ತಡೆಯಲಾರದು.

2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 21.4 ಮಂದಿ ಹೊಗೆರಹಿತ ತಂಬಾಕು ಬಳಸುವವರು. ಇದನ್ನು ಬರೀ ಚಟ ಎಂದು ಬೈದು ಕೈತೊಳೆದುಕೊಂಡರೆ ಯಾರು ಬಳಸುತ್ತಾರೆ ಅನ್ನುವುದು ಕಾಣುವುದಿಲ್ಲ. ಕಸ ಎತ್ತುವ ಪೌರಕಾರ್ಮಿಕರು ನಾತ ತಡೆಯಲು ಹಾಕಿಕೊಳ್ಳುತ್ತಾರೆ. ರಾತ್ರಿ ಲಾರಿ ಓಡಿಸುವವರು ನಿದ್ದೆ ತಡೆಯಲು. ಕೂಲಿಯವರು ಮಧ್ಯಾಹ್ನದ ಹಸಿವು ತಡೆಯಲು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಮರುದಿನದಿಂದಲೇ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಅಂತ ಬೇರೆಬೇರೆ ಮಾರತೊಡಗಿದರು. ಗಿರಾಕಿ ಅಂಗೈಯಲ್ಲಿ ಬೆರೆಸಿಕೊಂಡ, ಅಷ್ಟೆ.

ಬಿಡುವುದಕ್ಕೆ ಸಹಾಯ ಬೇಕಿದ್ದರೆ ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರದಲ್ಲಿ ಕೇಳಿ. 1800112356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯೂ ಇದೆ. ಎರಡು ವಾರದಲ್ಲಿ ಮಾಯದ ಹುಣ್ಣು, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಕಲೆ ಕಂಡರೆ ನೋವಿಲ್ಲ ಎಂದು ಕಾಯಬೇಡಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.

ಬರೀ ಎಲೆಅಡಿಕೆ ಹಾಕಿದರೆ? ತಂಬಾಕು ಇಲ್ಲದೆ? ಅದು ನಮ್ಮ ಸಂಪ್ರದಾಯ.

ಇದಕ್ಕೆ ಉತ್ತರ ಹೇಳುವಾಗ ಶಿವಮೊಗ್ಗ, ಶಿರಸಿ, ಪುತ್ತೂರಿನ ನೆಂಟರ ಮುಖ ನೆನಪಾಗುತ್ತದೆ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲು ನಾವು. ವೀಳ್ಯವಿಲ್ಲದೆ ಮದುವೆ ನಿಶ್ಚಯವಾಗದು. ಆದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರ ತನ್ನ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ, ಸೇರಿಸಿದೆ. ಹಬ್ಬದೂಟದ ಮೇಲೆ ಒಂದು ಬೀಡ ಹಾಕಿದವರನ್ನು ನಾನು ಹೆದರಿಸುವುದಿಲ್ಲ. ದಿನವಿಡೀ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಳ್ಳುವವರ ಬಾಯಿಯ ಒಳಚರ್ಮ ಹಗ್ಗದಂತೆ ಬಿಗಿಯಾಗುತ್ತ ಹೋಗುತ್ತದೆ, ಕಾರ ತಾಳುವುದಿಲ್ಲ, ಬಾಯಿ ಅಗಲಿಸಲು ಬರುವುದಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ-ಕೆಳಗಿನ ಮುಂಬಲ್ಲುಗಳ ನಡುವೆ ಇಡಲು ಆಗುತ್ತದೋ ನೋಡಿ. ಆಗದಿದ್ದರೆ ತೋರಿಸಿಕೊಳ್ಳಿ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತಂತೆ?

ಇಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ನಲವತ್ತು ದಾಟಿದವರು ಹಲ್ಲು ಕೀಳಿಸುವ ವಯಸ್ಸಿಗೇ ಚಾಳೀಸೂ ಬರುತ್ತದೆ, ಎರಡನ್ನೂ ಜನ ಗಂಟು ಹಾಕಿದರು.

ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲು ಅಲುಗಾಡತೊಡಗಿತು. ಡಾಕ್ಟರೇ ಹಾಳು ಮಾಡಿದರೇ?

ಹಲ್ಲು ಮುಂಚೆಯೇ ಸಡಿಲವಾಗಿತ್ತು. ಒಸಡು, ಮೂಳೆ ಕರಗಿದ ಜಾಗದಲ್ಲಿ ಕಿಟ್ಟವೇ ಸಿಮೆಂಟಿನಂತೆ ಕೂತು ಹಿಡಿದಿತ್ತು, ಅದನ್ನು ತೆಗೆದಾಗ ನಿಜಸ್ಥಿತಿ ಕಂಡಿತು. ಸಂದಿ ಕಾಣುವುದೂ ಜುಮ್ ಅನ್ನುವುದೂ ಅದಕ್ಕೇ. ಇಲ್ಲಿ ತಪ್ಪು ನಮ್ಮದೂ ಇದೆ. ಮೊದಲೇ ಕನ್ನಡಿ ಕೊಟ್ಟು ತೋರಿಸಿ, "ಹೀಗಾಗುತ್ತದೆ" ಎಂದು ಎರಡು ಮಾತು ಹೇಳಿದ್ದರೆ ಊರಿಗೆ ಊರೇ 'ಕ್ಲೀನಿಂಗ್ ಮಾಡಿಸಬೇಡಿ' ಅನ್ನುತ್ತಿರಲಿಲ್ಲ.

ಉಜ್ಜುವಾಗ ರಕ್ತ ಬರುತ್ತದೆ, ಅದಕ್ಕೇ ಬ್ರಷ್ ಬಿಟ್ಟು ಬೆರಳಲ್ಲಿ ಉಜ್ಜುತ್ತೇನೆ. ಸರಿಯೇ?

ರಕ್ತ ಬರುವ ಕಡೆಯೇ ಕೊಳೆ ಇದೆ, ಅಲ್ಲೇ ಮೆತ್ತಗೆ ಉಜ್ಜಬೇಕು. ಬ್ರಷ್ಷನ್ನು ಒಸಡು-ಹಲ್ಲು ಕೂಡುವಲ್ಲಿ ಓರೆಯಾಗಿಟ್ಟು ಸಣ್ಣಗೆ ಅಲುಗಿಸಿ. ಒಂದೆರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ಕಿಟ್ಟ ತೆಗೆಸಬೇಕು. ಸಕ್ಕರೆ ಕಾಯಿಲೆ ಇದ್ದವರು ಇದನ್ನು ಉದಾಸೀನ ಮಾಡಲೇಬೇಡಿ. ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ.

ಸಂತೆಯಲ್ಲಿ ಒಬ್ಬರು ಹೊಗೆ ಹಾಕಿ ಹಲ್ಲಿನ ಹುಳು ತೆಗೆದರು, ಕಣ್ಣಾರೆ ನೋಡಿದೆ. ನೀವು ಹುಳುವೇ ಇಲ್ಲ ಅನ್ನುತ್ತೀರಲ್ಲ?

ನಾನೂ ಕಣ್ಣಾರೆ ನೋಡಿದ್ದೇನೆ. ಕೆಂಡದ ಮೇಲೆ ನೆಲಗುಳ್ಳದ ಬೀಜ, ಮೇಲೊಂದು ಕೊಳವೆ, ಬಾಯಿಗೆ ಹೊಗೆ. ಆಮೇಲೆ ತಟ್ಟೆಯ ನೀರಿನಲ್ಲಿ ಸಣ್ಣ ಬಿಳಿ ಎಳೆಗಳು ತೇಲುತ್ತವೆ. ಬಿಸಿಗೆ ಬೀಜ ಸಿಡಿದಾಗ ಒಳಗಿನ ಮೊಳಕೆ ಹೊರಬಂದದ್ದು ಅದು. ರೋಗಿಯೇ ಇಲ್ಲದೆ ಖಾಲಿ ಹೊಗೆ ಹಾಕಿದರೂ ಅಷ್ಟೇ 'ಹುಳು' ಸಿಗುತ್ತವೆ. ಹುಳುಕು ಅನ್ನುವ ನಮ್ಮ ಪದದೊಳಗೇ ಹುಳು ಕೂತಿರುವಾಗ ಜನ ನಂಬುವುದರಲ್ಲಿ ಆಶ್ಚರ್ಯವಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಆತ ನೆಲದ ಮೇಲೆ, ರೋಗಿಯ ಎದುರಿಗೇ ಕೂತಿದ್ದ. "ಏನವ್ವ, ರಾತ್ರಿ ನಿದ್ದೆ ಇಲ್ವಾ?" ಅಂತ ಕೇಳಿದ. ದುಡ್ಡು ಇದ್ದಷ್ಟು ಕೊಡು ಅಂದ. ನಮ್ಮಲ್ಲಿಗೆ ಬಂದರೆ ಚೀಟಿ, ಸಾಲು, ಎಕ್ಸ್‌ರೇ, ನಾಳೆ ಬಾ. ಒಂದು ದಿನದ ಕೂಲಿ ಕಳೆದುಕೊಂಡು ಬಂದವಳಿಗೆ 'ನಾಳೆ ಬಾ' ಅಂದರೆ ಅವಳು ಸಂತೆಗೇ ಹೋಗುತ್ತಾಳೆ.

ಬಾಣಂತಿ ಹಲ್ಲುಜ್ಜಬಾರದು ಅನ್ನುತ್ತಾರೆ. ನಿಜವೇ?

ಹಲ್ಲು ಸಡಿಲವಾಗುತ್ತೆ, ಶೀತವಾಗುತ್ತೆ ಎಂದು ಬ್ರಷ್ಷು ಮುಟ್ಟಗೊಡದ ಮನೆಗಳು ಇನ್ನೂ ಇವೆ. ಬಸುರಿನಲ್ಲಿ ಹಾರ್ಮೋನುಗಳಿಂದ ಒಸಡು ಊದಿ ರಕ್ತ ಬರುವುದು ಮಾಮೂಲು. ಅದಾದ ಮೇಲೆ ಬಾಣಂತನದಲ್ಲಿ ತುಪ್ಪ, ಬೆಲ್ಲ, ಅಂಟಿನುಂಡೆ ತಿನ್ನಿಸಿ ಹಲ್ಲುಜ್ಜಬೇಡ ಅಂದರೆ ಹಲ್ಲು ಏನಾಗಬೇಕು? ಹಿರಿಯರ ಜೊತೆ ಜಗಳ ಬೇಡ. ಬಿಸಿನೀರಲ್ಲಿ ಬ್ರಷ್ಷು ಅದ್ದಿ ಮೆತ್ತಗೆ ಮಾಡಿಕೊಂಡು ಉಜ್ಜಿ, ಬಿಸಿನೀರಲ್ಲೇ ಮುಕ್ಕಳಿಸಿ. ಶೀತದ ಆಕ್ಷೇಪಣೆ ಅಲ್ಲಿಗೆ ಮುಗಿಯಿತು. ಬಸುರಿಯರು ಹಲ್ಲಿನ ಚಿಕಿತ್ಸೆ ಪಡೆಯಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲದ ಕಾಲ.

ನಮ್ಮೂರಿನವರ ಹಲ್ಲೆಲ್ಲ ಹಳದಿ-ಕಂದು. ಉಜ್ಜಿ ಉಜ್ಜಿ ಸಾಕಾಯಿತು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಾದರೆ ಉಜ್ಜುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅದು ಕೊಳವೆಬಾವಿಯ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಾಗ ಹೆಚ್ಚೆಂದರೆ 1.5 ಎಂಬುದು ದೇಶದ ಮಾನದಂಡ. ಮಳೆ ಕಡಿಮೆಯಾಗಿ ಬಾವಿ ಆಳಕ್ಕಿಳಿದಷ್ಟೂ ಹಲವು ಕಡೆ ಅದು ಮೀರುತ್ತದೆ. ಹಲ್ಲು ಒಸಡಿನೊಳಗೆ ಬೆಳೆಯುವ ಎಳೆಯ ವಯಸ್ಸಿನಲ್ಲೇ ಕಲೆ ಕೂತುಬಿಡುತ್ತದೆ, ದೊಡ್ಡವರಾದ ಮೇಲೆ ತಿಕ್ಕಿದರೆ ಹಲ್ಲು ಸವೆಯುತ್ತದೆ, ಕಲೆ ಹೋಗದು.

ಆ ಕಡೆಯ ಹುಡುಗಿಯರು ನಗುವಾಗ ವೇಲು ಬಾಯಿಗೆ ಅಡ್ಡ ಬರುತ್ತದೆ. ವಧು ನೋಡಲು ಬಂದವರು 'ಹುಡುಗಿಗೆ ಶುಚಿ ಇಲ್ಲ' ಅಂದುಹೋದ ಕತೆಗಳು ಪ್ರತಿ ಊರಲ್ಲಿವೆ. ಇಂಥ ಹಲ್ಲಿಗೆ ಬಣ್ಣ ಹೊಂದಿಸಿ ಮೇಲ್ಪದರ ಹಾಕುವ ಚಿಕಿತ್ಸೆ ಇದೆ. ಮನೆಯ ಚಿಕ್ಕ ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸಿ, ಅಡುಗೆಗೂ ಅದನ್ನೇ ಬಳಸಿ. ನೀವು ಫ್ಲೋರೈಡ್ ಪೇಸ್ಟ್ ಬಳಸಲು ಹೆದರಬೇಡಿ, ಉಗುಳುವ ಪೇಸ್ಟಿಗೂ ಕುಡಿಯುವ ನೀರಿಗೂ ಹೋಲಿಕೆ ಇಲ್ಲ.

ಖಾಸಗಿ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್‌ಗೆ ಸಾವಿರಾರು ರೂಪಾಯಿ ಅಂತಾರೆ. ಕೀಳಿಸುವುದೇ ಸುಲಭ ಅಲ್ಲವೇ?

ಕೈಯಲ್ಲಿ ಕಾಸಿಲ್ಲದವರು ಹಲ್ಲು ಕೀಳಿಸುತ್ತಾರೆ, ಇದ್ದವರು ಉಳಿಸಿಕೊಳ್ಳುತ್ತಾರೆ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಅಪಘಾತ ಬಿಟ್ಟರೆ ಹಲ್ಲಿನ ಖರ್ಚು ಬಹುತೇಕ ಸೇರಿರುವುದಿಲ್ಲ. ಗಂಡಸಿನ ಹಲ್ಲುನೋವಿಗೆ ದುಡ್ಡು ಹೇಗೋ ಹುಟ್ಟುತ್ತದೆ, ಹೆಂಗಸಿನದು ಲವಂಗ, ಉಪ್ಪುನೀರು, ಮಾತ್ರೆಯಲ್ಲೇ ವರ್ಷ ದೂಡುತ್ತದೆ. ಕೊನೆಗೆ ಬರುವಾಗ ಕೀಳದೆ ಬೇರೆ ದಾರಿ ಇರುವುದಿಲ್ಲ.

ನಡುವಿನ ದಾರಿ ಇದೆ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಬಳಿಯ ಸರ್ಕಾರಿ ಕಾಲೇಜಿನಂತೆ ಸರ್ಕಾರದವೂ ಇವೆ, ಖಾಸಗಿಯವೂ ಇವೆ. ಅಲ್ಲಿ ಹೊರಗಿನ ಕ್ಲಿನಿಕ್ಕಿಗಿಂತ ಬಹಳ ಕಡಿಮೆಗೆ ಕೆಲಸವಾಗುತ್ತದೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಲೆ ಪ್ರಾಧ್ಯಾಪಕರ ಕಣ್ಣಿರುತ್ತದೆ. ನಿಧಾನ, ನಾಲ್ಕೈದು ಸಲ ಓಡಾಡಬೇಕು. ಪೂರ್ತಿ ಹಲ್ಲು ಹೋದ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತ್ತು. ನಿಮ್ಮ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಮೊದಲ ಸಲ ಬರುತ್ತಿದ್ದೇನೆ. ಏನು ತರಬೇಕು?

ಬಿಪಿಎಲ್ ಕಾರ್ಡು ಇದ್ದರೆ ಆ ಕಾರ್ಡು. ಬಿಪಿ, ಸಕ್ಕರೆ, ರಕ್ತ ತೆಳುವಾಗುವ ಮಾತ್ರೆ ಯಾವುದೇ ನುಂಗುತ್ತಿದ್ದರೂ ಆ ಪಟ್ಟಿಯನ್ನು ಜೇಬಿನಲ್ಲಿ ಹಾಕಿಕೊಂಡು ಬನ್ನಿ, ನಮಗೆ ಹೇಳದೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ತಂಬಾಕು ಹಾಕುವವರಾದರೆ ಬರುವ ಮುಂಚೆ ತೊಳೆದು ಮುಚ್ಚಿಡುವ ಕಷ್ಟ ಬೇಡ, ಹೇಗೂ ಗೊತ್ತಾಗುತ್ತದೆ, ನಾನು ಬೈಯುವುದೂ ಇಲ್ಲ. ಮತ್ತೆ, ಹಲ್ಲು ಕೀಳಿಸುವ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಚೆನ್ನಾಗಿ ತಿಂಡಿ ತಿಂದು, ಹಲ್ಲುಜ್ಜಿಕೊಂಡು ಬನ್ನಿ.